ಕಾದ ಬಾಚಣಿಗೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಪ್ಪು ಜನರ ಮನೆಗಳಲ್ಲಿ, ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ, ಶನಿವಾರದ ಸಾಯಂಕಾಲವೆಂದರೆ ತಲೆಗೂದಲಿನ ಸಾಯಂಕಾಲ. ಮರುದಿನ ಚರ್ಚಿಗೆ ಹೋಗಬೇಕು. ಅದಕ್ಕೆ ಮೊದಲು ಹೆಣ್ಣುಮಕ್ಕಳ ಸುರುಳಿಗೂದಲು ನೆಟ್ಟಗಾಗಬೇಕು. ತಾಯಿಯು ಮಗಳನ್ನು ಅಡಿಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಕುಳ್ಳಿರಿಸಿ, ತೊಳೆದು ಒಣಗಿಸಿದ ಕೂದಲನ್ನು ಸಣ್ಣ ಸಣ್ಣ ಪಾಲುಗಳಾಗಿ ಬಿಡಿಸಿ, ಜಿಡ್ಡನ್ನು ಸವರುವಳು. ಮರದ ಹಿಡಿಯುಳ್ಳ ಲೋಹದ ಬಾಚಣಿಗೆ ಉರಿಯ ಮೇಲೆ ಕಾಯುತ್ತಿರುವುದು. ಅದನ್ನು ಮೊದಲು ಕಾಗದದ ಮೇಲೋ ಬಟ್ಟೆಯ ಚೂರಿನ ಮೇಲೋ ಒತ್ತಿ ನೋಡುವಳು. ಅದು ಕಂದಿದರೆ ಕಾವು ಮಿತಿಮೀರಿತೆಂದು ಅರ್ಥ. ಬಳಿಕ ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ಎಳೆಯುವಳು. ಜಿಡ್ಡು ಚುಯ್ಯೆನ್ನುವುದು; ಮಗಳು ಕಿವಿಯನ್ನು ಕೈಯಿಂದ ಮಡಿಸಿಕೊಂಡು ಉಸಿರು ಬಿಗಿಹಿಡಿದಿರುವಳು. ಎಲ್ಲಕ್ಕಿಂತ ಕಷ್ಟವಾದ ಸ್ಥಳ ಕತ್ತಿನ ಹಿಂಬದಿ. ಅಲ್ಲಿಯ ಬಿಗಿಸುರುಳಿಗೆ ಆ ಜನರ ಆಡುಮಾತಿನಲ್ಲಿ ‘ಅಡಿಗೆಮನೆ’ ಎಂದೇ ಹೆಸರು.

ಇಷ್ಟು ಶ್ರಮಪಟ್ಟರೂ ಫಲ ಅಲ್ಪಕಾಲದ್ದು. ಕೂದಲಿನಲ್ಲಿರುವ ಕೆರಾಟಿನ್ನಿನ ಎಳೆಗಳನ್ನು ಕೂಡಿಸಿರುವ ಬಂಧಗಳಲ್ಲಿ ಜಲಜನಕದ ಬಂಧಗಳು ಮಾತ್ರ ಈ ಕಾವಿಗೆ ಸಡಿಲಿ, ಆರುವಾಗ ಎಳೆದ ರೂಪದಲ್ಲಿಯೇ ಮತ್ತೆ ಕೂಡಿಕೊಳ್ಳುವುವು. ನೀರು ಸೋಕಿತೆಂದರೆ ಅವು ಪುನಃ ಸಡಿಲುವುವು. ಮಳೆ, ಬೆವರು, ಮಂಜು ಎಲ್ಲವೂ ಶತ್ರುಗಳೇ.

ಈ ಬಾಚಣಿಗೆಯನ್ನು ಕಂಡುಹಿಡಿದವಳು ಮೇಡಂ ಸಿ. ಜೆ. ವಾಕರ್ ಎಂಬ ಮಾತು ಜನಜನಿತವಾಗಿದ್ದರೂ ಅದು ಸರಿಯಲ್ಲ. ಪ್ಯಾರಿಸಿನ ಮಾರ್ಸೆಲ್ ಗ್ರಾಟೋ ೧೮೭೦ರ ದಶಕದಲ್ಲಿಯೇ ಕಾದ ಇಕ್ಕಳದಿಂದ ಬಿಳಿಯ ಸ್ತ್ರೀಯರ ಕೂದಲಿಗೆ ಅಲೆಗಳನ್ನು ಮೂಡಿಸುತ್ತಿದ್ದನು. ಕಾಯಿಸುವ ಬಾಚಣಿಗೆಯೂ ವಾಕರಳ ವ್ಯಾಪಾರಕ್ಕಿಂತ ಹಳೆಯದು. ಅವಳು ಮಾಡಿದ್ದು ಬೇರೆ, ಮತ್ತು ದೊಡ್ಡದು. ಸಾರಾ ಬ್ರೀಡ್‌ಲವ್ ಎಂಬ ಹೆಸರಿನಿಂದ ೧೮೬೭ರಲ್ಲಿ ಲೂಯಿಸಿಯಾನದಲ್ಲಿ, ದಾಸ್ಯದಿಂದ ಅದೇ ತಾನೆ ಬಿಡುಗಡೆ ಹೊಂದಿದ ತಂದೆತಾಯಿಗಳಿಗೆ ಹುಟ್ಟಿ, ಏಳನೆಯ ವಯಸ್ಸಿಗೆ ತಬ್ಬಲಿಯಾಗಿ, ಹದಿನಾಲ್ಕಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ವಿಧವೆಯಾದ ಅವಳು ಸೇಂಟ್ ಲೂಯಿಸಿನಲ್ಲಿ ಬಟ್ಟೆ ಒಗೆದು ಮಗಳನ್ನು ಸಾಕಿದಳು. ಕೂಲಿ ದಿನಕ್ಕೆ ಒಂದೂವರೆ ಡಾಲರಿನಷ್ಟು. ಅದೇ ಊರಿನ ಆನೀ ಟರ್ನ್‌ಬೋ ಎಂಬಾಕೆಯ ಕೇಶೌಷಧಿಗಳನ್ನು ಕೆಲಕಾಲ ಮಾರಿ, ೧೯೦೫ರಲ್ಲಿ ಡೆನ್ವರಿಗೆ ಹೋಗಿ, ಸ್ವಂತ ವ್ಯಾಪಾರ ಹೂಡಿದಳು. ತಲೆ ತೊಳೆಯುವುದು, ಮುಲಾಮು, ಕಾದ ಬಾಚಣಿಗೆ ಇವು ಮೂರೂ ಕೂಡಿದ ಪದ್ಧತಿಯನ್ನು ಕಲಿಸಲು ೧೯೦೮ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಶಾಲೆ ತೆರೆದಳು. ೧೯೧೦ರಲ್ಲಿ ಇಂಡಿಯಾನಾಪೊಲಿಸಿಗೆ ಬಂದು ನೆಲೆಸಿದಳು. ಸಾವಿರಾರು ಹೆಂಗಸರು ಅವಳ ಪ್ರತಿನಿಧಿಗಳಾದರು. ‘ಕೂದಲು ನೆಟ್ಟಗೆ ಮಾಡುವವಳು’ ಎಂಬ ಬಿರುದನ್ನು ಮಾತ್ರ ಅವಳು ಒಪ್ಪುತ್ತಿರಲಿಲ್ಲ. ತಾನು ಕೂದಲು ಬೆಳೆಸುವವಳೆಂದೇ ಹೇಳಿಕೊಳ್ಳುತ್ತಿದ್ದಳು.

ಆ ನಿರಾಕರಣೆಗೆ ಕಾರಣವುಂಟು. ನ್ಯಾನೀ ಬರೋಸ್ ಎಂಬ ವಿದುಷಿ ೧೯೦೪ರಲ್ಲಿಯೇ, ಚರ್ಮವನ್ನು ಬಿಳುಪು ಮಾಡಿಕೊಳ್ಳುವ, ಕೂದಲನ್ನು ನೆಟ್ಟಗೆ ಮಾಡಿಕೊಳ್ಳುವ ತನ್ನ ಜನರನ್ನು ತೀಕ್ಷ್ಣವಾಗಿ ಖಂಡಿಸಿದ್ದಳು. ಮುಂದೆ ಮಾರ್ಕಸ್ ಗಾರ್ವಿಯೂ ಅದೇ ಪಕ್ಷ ಹಿಡಿದನು; ಅವನ ಪತ್ರಿಕೆಯಲ್ಲಿಯೇ ಇಂಥ ಸಾಮಗ್ರಿಗಳ ಜಾಹಿರಾತುಗಳು ಅಚ್ಚಾಗುತ್ತಿದ್ದುದು ಬೇರೆಯ ಮಾತು! ಖಂಡನೆ ಸುಳ್ಳಲ್ಲ. ಒಡೆಯರ ಕೂದಲು ಸುಂದರ, ದಾಸರದು ಅಸಹ್ಯ ಎಂಬ ತೀರ್ಪು ದಾಸ್ಯದೊಡನೆ ಬಂದದ್ದು. ಬಾಚಣಿಗೆ ಅದಕ್ಕೆ ತಲೆಬಾಗಿತು. ಆದರೆ ಖಂಡಿಸಿದವರ ಲೆಕ್ಕಕ್ಕೆ ಒಂದು ಸಂಗತಿ ಸಾಲದೆ ಬಂದಿತು. ಆ ಕಾಲದಲ್ಲಿ ದುಡಿಯುವ ಕಪ್ಪು ಹೆಂಗಸರಲ್ಲಿ ಬಹುಮಂದಿಗೆ ಹೊಲದ ಕೂಲಿ, ಬಿಳಿಯರ ಮನೆಯ ಚಾಕರಿ ಇವೆರಡೇ ಗತಿಯಾಗಿದ್ದವು. ಕೇಶಕರ್ಮಕ್ಕೆ ಬೇಕಾದ ಬಂಡವಾಳವಾದರೋ ಒಂದು ಒಲೆ, ಒಂದು ಕುರ್ಚಿ, ಒಂದು ಬಾಚಣಿಗೆ. ಬರುವವರು ತಮ್ಮವರೇ, ಕೆಲಸದಿಂದ ತೆಗೆದುಹಾಕುವ ಒಡೆಯನೇ ಇಲ್ಲ.

ಈ ಸ್ವಾತಂತ್ರ್ಯದ ಬೆಲೆ ಕಾಲಕ್ರಮದಲ್ಲಿ ತಿಳಿಯಿತು. ೧೯೧೭ರಲ್ಲಿ ಫಿಲಡೆಲ್ಫಿಯದಲ್ಲಿ ವಾಕರ್ ತನ್ನ ಪ್ರತಿನಿಧಿಗಳ ಸಮಾವೇಶ ನಡೆಸಿದಳು; ವಿಚಾರಣೆಯಿಲ್ಲದೆ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯುವ ನಿಧಿಗೆ, ತಾನು ತೀರಿಕೊಂಡ ವರ್ಷವಾದ ೧೯೧೯ರಲ್ಲಿ, ೫,೦೦೦ ಡಾಲರು ಕೊಟ್ಟಳು. ದಕ್ಷಿಣ ಕ್ಯಾರೊಲಿನದಲ್ಲಿ ಓದಲು ಬಾರದವರಿಗೆ ಮತವಿಲ್ಲವೆಂಬ ನಿಬಂಧನೆಯನ್ನು ಎದುರಿಸಲು ೧೯೫೭ರಲ್ಲಿ ಜಾನ್ಸ್ ದ್ವೀಪದಲ್ಲಿ ವಯಸ್ಕರ ಶಾಲೆಯೊಂದು ತೆರೆಯಿತು. ಅದರ ಮೊದಲ ಉಪಾಧ್ಯಾಯಿನಿ ಬರ್ನೀಸ್ ರಾಬಿನ್ಸನ್, ವೃತ್ತಿಯಿಂದ ಕೇಶಕರ್ಮದವಳು. ಸರಕಾರಿ ಶಾಲೆಯ ಶಿಕ್ಷಕಿಯೊಬ್ಬಳು ಆ ಕೆಲಸಕ್ಕೆ ಕೈಹಾಕಿದ್ದರೆ ಹೊಟ್ಟೆಯ ಪಾಡಿಗೇ ಸಂಚಕಾರ ಬರುತ್ತಿತ್ತು. ಇವಳಿಗೆ ಆ ಭಯವಿರಲಿಲ್ಲ.

೧೯೬೦ರ ದಶಕದಲ್ಲಿ ತರುಣರು ಕೂದಲನ್ನು ಹುಟ್ಟಿದಂತೆಯೇ ಬಿಡತೊಡಗಿದರು. ೧೯೬೮ರಲ್ಲಿ ಚರ್ಮವೈದ್ಯರು ನೆತ್ತಿ ಬೋಳಾಗುವ ವ್ಯಾಧಿಯೊಂದಕ್ಕೆ ಈ ಬಾಚಣಿಗೆಯ ಹೆಸರನ್ನೇ ಇಟ್ಟರು; ಅದನ್ನು ಬಳಸದವರಲ್ಲಿಯೂ ವ್ಯಾಧಿ ಕಂಡುಬಂದುದರಿಂದ ಆ ಹೆಸರು ಮುಂದೆ ಬದಲಾಯಿತು. ಬಾಚಣಿಗೆಯೂ ವಿದ್ಯುತ್ತಿನಿಂದ ಕಾಯುವಂತಾಗಿ ಇಂದಿಗೂ ಮಾರಾಟವಾಗುತ್ತಿದೆ. ಹುಟ್ಟುಗೂದಲಿನ ರೂಪದ ಕಾರಣದಿಂದ ಯಾರಿಗೂ ಉದ್ಯೋಗದಲ್ಲಾಗಲಿ ಶಾಲೆಯಲ್ಲಾಗಲಿ ಭೇದವೆಣಿಸಕೂಡದೆಂದು ಕ್ಯಾಲಿಫೋರ್ನಿಯ ಸಂಸ್ಥಾನವು ಶಾಸನ ಮಾಡಿದ್ದು ೨೦೧೯ರಲ್ಲಿ, ವಾಕರ್ ತೀರಿಕೊಂಡ ನೂರು ವರ್ಷಗಳ ಮೇಲೆ.