ಗುಡ್ಡಕ್ಕ ನೀರು ಏರಿಸೋ ಪೆಟಗಿ

ಕೇಪ್‌ಟೌನಿನ ಟೇಬಲ್ ಮೌಂಟನ್ ಫೋಟೋ ನೀವೂ ವಾಟ್ಸಾಪಿನೊಳಗ ನೋಡಿರ್ತೀರಿ. ತಲಿ ಚಪ್ಪಟ, ನಮ್ಮ ಅಡಗಿಮನಿ ಕಟ್ಟಿ ಹಂಗ. ಹಗ್ಗ ಹಿಡಕೊಂಡು ಅದರ ತುದಿಗೆ ಹೋಗೋ ಕೇಬಲ್ ಕಾರ್ ಕತಿ ಇದು. ಎಲ್ಲಾರೂ "ಎಷ್ಟ ಎತ್ತರ!" ಅಂದ್ರ, ನನಗ ಬಂದ ಮೊದಲನೇ ವಿಚಾರ ಅಂದ್ರ, ಅಲ್ಲೆ ಮ್ಯಾಲ ಚಹಾಕ್ಕ ನೀರು ಎಲ್ಲಿಂದ ತರ್ತಾರ?

ಮೊದಲ ಕಾಲ್ನಡಿಗಿನೇ ಗತಿ. 1797ರಾಗ ಲೇಡಿ ಆನ್ ಬರ್ನಾರ್ಡ್ ಅನ್ನಾಕಿ ಗಂಡನ ಪ್ಯಾಂಟು ಹಾಕ್ಕೊಂಡು ಹತ್ತಿದ್ಲಂತ. ಸೀರಿ ಉಟ್ಟು ಗುಡ್ಡ ಹತ್ತಿದವರಿಗೆ ಆಕಿ ಕಷ್ಟ ಹೇಳೋದು ಬ್ಯಾಡ. ಕೇಬಲ್ ಕಾರ್ ಬಂದದ್ದು 1929ರ ಅಕ್ಟೋಬರ್ 4ಕ್ಕ. ನಕಾಶಿ ಮಾಡಿದವ ನಾರ್ವೆ ದೇಶದ ಇಂಜಿನಿಯರ್ ಟ್ರಿಗ್ವೆ ಸ್ಟ್ರೊಮ್ಸೊ. ಬಟ್ಟಿ ಒಣಗಿಸೋ ಹಗ್ಗ ಜೋತುಬಿತ್ತು ಅಂದ್ರ ನಾವು ನಡುವ ಒಂದು ಗಳ ಕೊಡ್ತೀವಿ. ಅಲ್ಲೆ 302 ಮೀಟರಿನಿಂದ 1,067 ಮೀಟರಿನ ತನಕ ಹಗ್ಗ ಎಳದಾರ, ನಡುವ ಒಂದೂ ಕಂಬ ಇಲ್ಲ!

1958ರಾಗ, 1974ರಾಗ ಸುಧಾರಿಸಿದ್ರು. ದೊಡ್ಡ ಬದಲಾವಣಿ ಆದದ್ದು 1997ರಾಗ. ಹಳೇದನ್ನ ಮುಟ್ಟಬಾರದು ಅನ್ನೋರ ಪೈಕಿ ನಾನು. ಅಜ್ಜಿಯ ಹಿತ್ತಾಳಿ ಬಿಂದಗಿ ಹಾಕಿ ಸ್ಟೀಲಿಂದು ತಂದಾಗ ಎರಡು ದಿನ ಯಾರ ಜೋಡಿನೂ ಮಾತಾಡಿರಲಿಲ್ಲ. ಆದ್ರ ಈ ಹೊಸ ಪೆಟಗಿಗೆ ಹೆಸರಿಡಲಿಕ್ಕೆ ನನಗ ಮನಸ್ಸು ಬರವಲ್ದು. ಗುಂಡನ ಪೆಟಗಿ, 65 ಮಂದಿ ಹಿಡಿಸ್ತದ. ಮ್ಯಾಲ ಹೋಗೂದ್ರಾಗ ನೆಲಾನ ಒಂದು ಸುತ್ತು ತಿರಗತದ. ಕಿಡಕಿಗೆ ಜಗಳಿಲ್ಲ. ಗಿಡ್ಡಾಕಿ ಇರಲಿ, ಕೂಸು ಎತಗೊಂಡಾಕಿ ಇರಲಿ, ಮಣಕಾಲು ನೋಯೋ ಮುದುಕಿ ಇರಲಿ, ಸಮುದ್ರ ತಾನ ಅವರ ಮುಂದ ಬಂದು ನಿಲ್ಲತದ.

ಇನ್ನ ನನ್ನ ನೀರಿನ ಮಾತು. ಪೆಟಗಿಯ ಬುಡಕನ ಒಂದು ಟಾಕಿ ಅದ, 4,000 ಲೀಟರ್ ಹಿಡಿಸ್ತದ. ಗಾಳಿಗೆ ಪೆಟಗಿ ಅಲಗಾಡಬಾರದು ಅಂತ ಆ ಭಾರ. ಅದೇ ನೀರು ಮ್ಯಾಲಿನ ಬಳಕಿಗೂ ಆಗತದ. ಒಂದ ಖೇಪಿನ್ಯಾಗ ಎರಡು ಕೆಲಸ! ಇದನ್ನ ವಿಚಾರ ಮಾಡಿದವರ ಮನ್ಯಾಗ ನಳ ಬರೋದು ಎರಡು ದಿನಕ್ಕೊಮ್ಮೆ ಇದ್ದಿರಬೇಕು.

ಅದೇ ಗುಡ್ಡದ ಬುಡಕ ಪ್ಲಾಟಕ್ಲಿಪ್ ಹಳ್ಳ ಅದ. ಗುಲಾಮಗಿರಿ ಕಾಲದಾಗ ಹೆಣ್ಣಮಕ್ಕಳು ಊರ ಮಂದಿ ಬಟ್ಟಿ ಗಂಟು ಹೊತ್ತು ಅಲ್ಲಿಗೆ ಬಂದು ಒಗೀತಿದ್ರು. ಕೇಪಿಗೆ ಹಡಗಿನ್ಯಾಗ ಒಯ್ದ ಗುಲಾಮರೊಳಗ ನಮ್ಮ ಬಂಗಾಳದವರು, ಮಲಬಾರದವರು, ಕೋರಮಂಡಲದವರೂ ಇದ್ರು. ಅವರ ಪೈಕಿ ಎಷ್ಟು ಮಂದಿ ಆ ಕಲ್ಲಿನ ಮ್ಯಾಲ ಬಟ್ಟಿ ಕುಕ್ಕಿದ್ರೋ, ನಮ್ಮೂರ ಕಡೆಯ ಹಾಡು ಒಂದಾದ್ರೂ ಗುನುಗಿದ್ರೋ. ಗುಲಾಮಗಿರಿ ಹೋದ ಮ್ಯಾಲೂ ಬಟ್ಟಿ ಗಂಟು ತಪ್ಪಲಿಲ್ಲ. ಮುಂದ ಅಲ್ಲೆ ಒಗಿಯೋ ಮನಿ ಕಟ್ಟಿದ್ರು. ಈಗ ಅವನ್ನೂ ಪ್ರವಾಸಿಗಳು ಉಳಕೊಳ್ಳೋ ಹಂಗ ಮಾಡ್ಯಾರ. ಅದೊಂದು ಯಾಕೋ ನನಗ ಗಂಟಲಾಗ ಸಿಕ್ಕಂಗ ಆತು.

ಎಷ್ಟ ಸುಧಾರಿಸಿದ್ರೂ ಗಾಳಿ ಜೋರಾದ್ರ ಪೆಟಗಿ ಇವತ್ತಿಗೂ ಬಂದ್. ನಿಮ್ಮ ಮಕ್ಕಳು ಯಾರರೆ ಆ ಕಡೆ ಇದ್ದು, ನೀವು ಹೋದ ದಿನಾನ ಬಂದ್ ಇದ್ರ, ಸಿಟ್ಟಾಗಬ್ಯಾಡ್ರಿ. ಆ ಹಳ್ಳದ ಕಡೆ ಹೋಗಿ ಬರ್ರಿ.