ಯಂತ್ರಕ್ಕೆ ಕೊರಳು ಬಂದ ಬಗೆ

ಶಾಲೆಯ ಮಕ್ಕಳು ಕಟ್ಟಿದ ಪುಟ್ಟ ರೋಬೋಗಳ ಸ್ಪರ್ಧೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಗಾಲಿಗಳ ಮೇಲೊಂದು ಪೆಟ್ಟಿಗೆ. ಅದು ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಸಾಗುತ್ತದೆ, ಗುರಿ ಮುಟ್ಟುತ್ತದೆ, ಮುಟ್ಟಿದೊಡನೆ ನಾಲ್ಕು ಸ್ವರ ನುಡಿಯುತ್ತದೆ. ಕೆಲಸ ಮಾಡುವ ಯಂತ್ರಕ್ಕೆ ಹಾಡೇಕೆ, ಇದು ಬರಿಯ ಅಲಂಕಾರವಲ್ಲವೆ ಎಂದು ನೀವು ಕೇಳಬಹುದು. ಉತ್ತರ ಬೇಕಾದರೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು.

1951ರ ಮಾತು. ಆಗ ಲೋಕದಲ್ಲಿದ್ದ ಗಣಕಯಂತ್ರಗಳು ತೀರ ಕೆಲವು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಫೆರಾಂಟಿ ಮಾರ್ಕ್ 1 ಎಂಬುದೊಂದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ, ಮುಂದೆ ಸೈರಾಕ್ ಎಂದು ಹೆಸರಾದುದು ಇನ್ನೊಂದು. ಎರಡಕ್ಕೂ ಧ್ವನಿವರ್ಧಕವಿತ್ತು. ಅದನ್ನಿಟ್ಟದ್ದು ಹಾಡಿಸಲಿಕ್ಕಲ್ಲ. ಲೆಕ್ಕ ಎಲ್ಲಿಯವರೆಗೆ ಬಂತು, ಮುಗಿಯಿತೆ, ನಡುವೆ ಸಿಕ್ಕಿಕೊಂಡಿತೆ ಎಂಬುದನ್ನು ಯಂತ್ರ ನಡೆಸುವವರು ಕಿವಿಯಿಂದಲೇ ತಿಳಿಯಲೆಂದು.

ಇದರ ಗುಟ್ಟು ಸರಳವಾದುದು. ಒಂದು ಆಜ್ಞೆ ಕೊಟ್ಟರೆ ಧ್ವನಿವರ್ಧಕದಲ್ಲಿ ಒಂದು ‘ಟಕ್’ ಸದ್ದು. ಅದೇ ಆಜ್ಞೆಯನ್ನು ಸೆಕೆಂಡಿಗೆ ನೂರಾರು ಸಲ ಮರುಕಳಿಸಿದರೆ ಬಿಡಿ ಸದ್ದುಗಳು ಕೂಡಿ ಒಂದು ಸ್ವರವಾಗಿ ಕೇಳುತ್ತವೆ. ವೀಣೆಯ ತಂತಿ ಮಾಡುವುದೂ ಇದನ್ನೇ ತಾನೆ? ಮ್ಯಾಂಚೆಸ್ಟರಿನ ಯಂತ್ರಕ್ಕಾಗಿ ಆಲನ್ ಟ್ಯೂರಿಂಗ್ ಬರೆದ ಕೈಪಿಡಿಯಲ್ಲಿ ಈ ಉಪಾಯದ ವಿವರಣೆಯುಂಟು. ಅದನ್ನು ಓದಿದ ಕ್ರಿಸ್ಟೋಫರ್ ಸ್ಟ್ರಾಚಿ ಎಂಬ ಶಾಲಾ ಮಾಸ್ತರರು ಉದ್ದವಾದ ಒಂದು ಆಜ್ಞಾವಳಿ ಬರೆದು, ಅದು ಮುಗಿದಾಗ ಯಂತ್ರ ಬ್ರಿಟನ್ನಿನ ರಾಷ್ಟ್ರಗೀತೆಯನ್ನು ನುಡಿಯುವಂತೆ ಮಾಡಿದರು.

ಅದೇ ವರ್ಷ ಬಿಬಿಸಿ ಬಾನುಲಿಯವರು ಆ ಯಂತ್ರದ ಮೂರು ಧಾಟಿಗಳನ್ನು ಧ್ವನಿಮುದ್ರಿಸಿಕೊಂಡರು. ಮೂರನೆಯದು ನಡುವೆಯೇ ನಿಂತುಹೋಯಿತು; ಸುತ್ತಲಿದ್ದವರ ನಗುವೂ ಮುದ್ರಿಕೆಯಲ್ಲಿ ಸೇರಿತು. ಆ ತಟ್ಟೆ ಉಳಿದುಬಂದಿದೆ. ಅದರ ವೇಗದಲ್ಲಿದ್ದ ದೋಷವನ್ನು 2016ರಲ್ಲಿ ನ್ಯೂಜಿಲೆಂಡಿನ ಇಬ್ಬರು ವಿದ್ವಾಂಸರು ತಿದ್ದಿದರು. ಸಿಡ್ನಿಯಲ್ಲಿ 1951ರಲ್ಲಿಯೇ ಜೆಫ್ ಹಿಲ್ ಅವರು ಯಂತ್ರದಿಂದ ಧಾಟಿ ನುಡಿಸಿದ್ದರು. ಆದರೆ ಅಂದಿನ ಆ ನಾದವನ್ನು ಯಾರೂ ಮುದ್ರಿಸಿಕೊಳ್ಳಲಿಲ್ಲ.

ಅವರಿಗಿದ್ದ ತೊಡಕು ಎರಡು. ಆಜ್ಞೆಗಳನ್ನು ಇಡಿಯಾಗಿ ಎಣಿಸಬೇಕಾದ್ದರಿಂದ ಕೆಲವು ಸ್ವರಗಳು ಶ್ರುತಿಗೆ ಸರಿಯಾಗಿ ಕೂಡುತ್ತಿರಲಿಲ್ಲ. ಹಾಡುತ್ತಿರುವಾಗ ಯಂತ್ರಕ್ಕೆ ಬೇರೆ ಕೆಲಸವೂ ಸಾಗುತ್ತಿರಲಿಲ್ಲ.

ಸೈರಾಕ್ 1955ರಲ್ಲಿ ಮೆಲ್ಬರ್ನ್ ನಗರಕ್ಕೆ ಹೋಯಿತು. ಅದೇ ನಗರದಲ್ಲಿ 2000ದಲ್ಲಿ ರೋಬೋಕಪ್ ಜೂನಿಯರ್ ಎಂಬ ಮಕ್ಕಳ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಾಗ, ಕಾಲ್ಚೆಂಡಿನ ಜೊತೆಗೆ ಸಂಗೀತಕ್ಕೆ ಕುಣಿಯುವುದೂ ರೋಬೋಗಳಿಗೆ ಒಂದು ಪಂದ್ಯವಾಗಿತ್ತು. 1998ರಲ್ಲಿ ಲೆಗೋ ಸಂಸ್ಥೆ ತಂದ ಆರ್‌ಸಿಎಕ್ಸ್ ಪೆಟ್ಟಿಗೆಯಲ್ಲಿಯೂ ಸಣ್ಣ ಧ್ವನಿವರ್ಧಕವಿತ್ತು. ಸೆಕೆಂಡಿಗೆ ಎಷ್ಟು ಕಂಪನ, ಎಷ್ಟು ಹೊತ್ತು ಎಂದು ಹೇಳಿದರೆ ಅದು ನುಡಿಯುತ್ತಿತ್ತು. ಷಡ್ಜಕ್ಕೆ 240 ಇಟ್ಟುಕೊಳ್ಳಿ. ಪಂಚಮಕ್ಕೆ 360, ಮೇಲಿನ ಷಡ್ಜಕ್ಕೆ 480. ಸಂಗೀತಪಾಠದಲ್ಲಿ ಕಂಠಕ್ಕೆ ಬಂದದ್ದು ಇಲ್ಲಿ ಗಣಿತವಾಗಿ ಕೈಗೆ ಸಿಗುತ್ತದೆ.

ಹಳೆಯ ತೊಡಕು ಮಕ್ಕಳಿಗೂ ಎದುರಾಗುತ್ತದೆ. ಸ್ವರ ಮುಗಿಯುವವರೆಗೆ ಕಾಯಬೇಕೆಂದು ಆಜ್ಞೆಯಿದ್ದರೆ, ಓಡುತ್ತಿರುವ ರೋಬೋ ಅಷ್ಟು ಹೊತ್ತು ಗೆರೆಯ ಕಡೆ ಗಮನವಿಡದೆ ದಾರಿ ತಪ್ಪುತ್ತದೆ. ಹಾಡುವುದನ್ನೂ ನೋಡುವುದನ್ನೂ ಎರಡು ಕೆಲಸಗಳಾಗಿ ಬಿಡಿಸಿ ಜೊತೆಜೊತೆಗೆ ನಡೆಸಲು ಮಕ್ಕಳು ಆಗ ಕಲಿಯುತ್ತಾರೆ. ಜಾಣ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸದ ಒಂದೊಂದು ಹಂತಕ್ಕೂ ಒಂದೊಂದು ಸ್ವರವನ್ನು ಗೊತ್ತುಮಾಡುತ್ತಾರೆ. ಗಾಂಧಾರ ಕೇಳಿಸಿ ಪಂಚಮ ಕೇಳಿಸದಿದ್ದರೆ, ತಪ್ಪು ಆ ಎರಡು ಹಂತಗಳ ನಡುವೆ ಇದೆಯೆಂದು ಅರ್ಥ. ಮ್ಯಾಂಚೆಸ್ಟರಿನವರು ಧ್ವನಿವರ್ಧಕವಿಟ್ಟದ್ದೂ ಇದಕ್ಕಾಗಿಯೇ ಅಲ್ಲವೆ?

ಆದ್ದರಿಂದ ನಿಮ್ಮ ಮನೆಯ ಮಕ್ಕಳು ಸಂಜೆಯೆಲ್ಲ ಯಂತ್ರವೊಂದರಿಂದ ಅಪಸ್ವರ ಹೊರಡಿಸುತ್ತಿದ್ದರೆ, ವಾರ್ತೆ ಕೇಳಲು ಅಡ್ಡಿಯಾಯಿತೆಂದು ಗದರಿಸಬೇಡಿ. ರೇಡಿಯೋವನ್ನು ಸ್ವಲ್ಪ ತಗ್ಗಿಸಿ, ಯಾವ ಸ್ವರದ ಬಳಿಕ ಯಂತ್ರ ನಿಂತಿತೆಂದು ಅವರನ್ನು ವಿಚಾರಿಸಿ. ತಪ್ಪು ಎಲ್ಲಿದೆಯೆಂದು ಹುಡುಕಲು ಅವರಿಗೆ ಅದರಿಂದ ನೆರವಾದೀತು.