ಹೆಸರಿಲ್ಲದ ರೋಗಕ್ಕೊಂದು ಅಳತೆಗೋಲು

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೇ ಹೂಫ್‌ನ್ಯಾಗಲ್ ಎಂಬ ವೈದ್ಯರೂ ಅವರ ಸಂಗಡಿಗರೂ ಹತ್ತು ಮಂದಿ ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ನೀಡಿದ ವರದಿ 1986ರಲ್ಲಿ ಪ್ರಕಟವಾಯಿತು. ಆಗ ಆ ರೋಗಕ್ಕೆ ಸ್ವಂತ ಹೆಸರೂ ಇರಲಿಲ್ಲ. ‘ಎ’ ಅಲ್ಲದ, ‘ಬಿ’ ಅಲ್ಲದ ಹೆಪಟೈಟಿಸ್ ಎಂದೇ ಅದನ್ನು ಕರೆಯುತ್ತಿದ್ದರು. ಬೇರೆಯವರ ರಕ್ತ ಪಡೆದವರ ಯಕೃತ್ತನ್ನು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುತ್ತಿದ್ದ ಆ ವೈರಾಣುವಿನ ಗುರುತು ಯಾರಿಗೂ ಸಿಕ್ಕಿರಲಿಲ್ಲ. ಹಾಗಿರುವಾಗ ಮದ್ದು ನಾಟಿತೋ ಇಲ್ಲವೋ ಎಂದು ತಿಳಿಯುವುದೆಂತು?

ಅವರಿಗಿದ್ದ ಮುಖ್ಯ ಆಧಾರ, ಯಕೃತ್ತಿನ ಕೋಶಗಳು ಘಾಸಿಗೊಂಡಾಗ ರಕ್ತಕ್ಕೆ ಸೋರುವ ಎಎಲ್‌ಟಿಯಂತಹ ಕಿಣ್ವಗಳು. ಹತ್ತರಲ್ಲಿ ಎಂಟು ಮಂದಿಯಲ್ಲಿ ಅವುಗಳ ಮಟ್ಟ ಇಳಿಯಿತು. ಆದರೆ ಅವರಲ್ಲಿ ಇಬ್ಬರಿಗೆ ನಾಲ್ಕು ತಿಂಗಳಿಗೇ ಮದ್ದು ನಿಲ್ಲಿಸಿದಾಗ ಅದು ಬೇಗನೆ ಮೊದಲಿನಷ್ಟಕ್ಕೇ ಏರಿತು. ಹೊಗೆ ಅಡಗಿದ ಮಾತ್ರಕ್ಕೆ ಬೂದಿಯೊಳಗಿನ ಕೆಂಡ ಆರಿದಂತಲ್ಲ ಎಂಬುದನ್ನು ನಮ್ಮ ಅಜ್ಜಿಯರೂ ಬಲ್ಲರು!

1989ರಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ವೈರಾಣುವಿನ ಗುರುತು ಹಿಡಿದರು. ಮುಂದಿನ ದಶಕದಲ್ಲಿ ಪಿಸಿಆರ್ ವಿಧಾನದಿಂದ ರಕ್ತದಲ್ಲಿನ ವೈರಾಣುವಿನ ಆರ್‌ಎನ್‌ಎಯನ್ನೇ ಅಳೆಯುವುದು ಸಾಧ್ಯವಾಯಿತು. ಕಿಣ್ವ ಸಹಜವಾಗಿದ್ದರೂ ವೈರಾಣು ಉಳಿದಿರಬಹುದೆಂಬುದು ಆಗ ಸ್ಪಷ್ಟವಾಯಿತು.

2000ದ ದಶಕದ ಚಿಕಿತ್ಸೆ ಕಠಿಣವಾದುದು. ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ರಿಬಾವಿರಿನ್. ಹಲವರಿಗೆ 48 ವಾರ. ಜ್ವರ, ರಕ್ತಹೀನತೆ, ಮನಸ್ಸಿಗೆ ಕವಿಯುವ ಖಿನ್ನತೆ. ಆದುದರಿಂದ 12ನೆಯ ವಾರದ ಪರೀಕ್ಷೆ ನಿರ್ಣಾಯಕವಾಗಿತ್ತು. ವೈರಾಣುವಿನ ಪ್ರಮಾಣ ನೂರರಲ್ಲೊಂದು ಪಾಲಿಗಾದರೂ ಇಳಿಯದಿದ್ದರೆ ಗುಣವಾಗುವ ಸಂಭವ ತೀರ ಕಡಿಮೆಯೆಂದು ಮದ್ದನ್ನೇ ನಿಲ್ಲಿಸುತ್ತಿದ್ದರು. ಮನೆಮಂದಿಗೆ ಅದು ಸಿಡಿಲಿನಂತಹ ಮಾತು. ಆದರೂ ಫಲವಿಲ್ಲದ ಯಾತನೆಯಿಂದ ರೋಗಿಯನ್ನು ಬಿಡಿಸಿದ ಆ ನಿಯಮ ನನಗೆ ದಯೆಯಾಗಿಯೇ ತೋರುತ್ತದೆ. ಚಿಕಿತ್ಸೆ ಮುಗಿಸಿದವರೂ ಇನ್ನೂ 24 ವಾರ ಕಾಯಬೇಕಿತ್ತು. ಆಗಲೂ ವೈರಾಣು ಕಾಣದಿದ್ದರೆ ಮಾತ್ರ ಗುಣವಾಯಿತೆಂಬ ಮಾತು.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಮಾತ್ರೆಗೆ ಅನುಮತಿ ದೊರೆಯಿತು. ಇಂತಹ ಮಾತ್ರೆಗಳಿಂದ ಹೆಚ್ಚಿನವರು 12 ವಾರಗಳಲ್ಲೇ ಚಿಕಿತ್ಸೆ ಮುಗಿಸುತ್ತಾರೆ. ಅಂತಿಮ ಪರೀಕ್ಷೆಯೂ ಅದಾಗಿ 12 ವಾರಗಳಿಗೆ. ಭಾರತದಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಮದ್ದನ್ನು ಉಚಿತವಾಗಿ ನೀಡತೊಡಗಿದರು.

ಒಂದು ಗೊಂದಲ ಮಾತ್ರ ಇಂದಿಗೂ ಎಷ್ಟೋ ಮಂದಿಯನ್ನು ಕಾಡುತ್ತದೆ. ಗುಣವಾದ ಮೇಲೂ ರಕ್ತದಲ್ಲಿ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯುತ್ತವೆ. ಪ್ರತಿಕಾಯ ಪರೀಕ್ಷೆ ‘ಪಾಸಿಟಿವ್’ ಎಂದಾಕ್ಷಣ ರೋಗ ಮರಳಿತೆಂದು ಎದೆಗುಂದಬೇಕಿಲ್ಲ. ಅದನ್ನು ಹೇಳಬಲ್ಲುದು ಆರ್‌ಎನ್‌ಎ ಪರೀಕ್ಷೆಯೊಂದೇ. ಆದರೆ ಯಕೃತ್ತು ಆಗಲೇ ಗಡುಸಾಗಿ ಸಿರೋಸಿಸ್ ತಗುಲಿದ್ದವರು, ವೈರಾಣು ಹೋದರೂ, ಕ್ಯಾನ್ಸರಿನ ಸುಳಿವಿಗಾಗಿ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳುತ್ತಿರಬೇಕು.